ಬೀಗ ಒಬ್ಬರ ಕೊರಳಲ್ಲಿ, ಬೀಗದ ಕೈ ಇನ್ನೊಬ್ಬರ ಊರಲ್ಲಿ

ಹ್ಯಾನಾ ಕಲ್ವಿಕ್ ಲಂಡನ್ನಿನ ಉಳ್ಳವರ ಮನೆಗಳಲ್ಲಿ ಕೆಲಸಕ್ಕಿದ್ದವಳು. ಒಲೆ, ಪಾತ್ರೆ, ಬೂಟು, ಮೆಟ್ಟಿಲು ಎಲ್ಲ ಅವಳದೇ ಪಾಲು. ಅವಳ ಕೊರಳಲ್ಲಿ ಒಂದು ಸರಪಳಿ, ಅದಕ್ಕೊಂದು ಬೀಗ. ಬೀಗದ ಕೈ ಮಾತ್ರ ಆ ಮನೆಯಲ್ಲಿರಲಿಲ್ಲ. ಅದು ಆರ್ಥರ್ ಮನ್‌ಬಿ ಎಂಬಾತನ ಹತ್ತಿರ ಇತ್ತು. ಆತ ಅವಳಿಗೆ ಸಂಬಳ ಕೊಡುವ ಧಣಿಯಲ್ಲ. ವಕೀಲಿ ಓದಿ, ಚರ್ಚಿನ ಆಸ್ತಿ ನೋಡಿಕೊಳ್ಳುವ ಕಚೇರಿಯಲ್ಲಿ ನೌಕರಿಯಲ್ಲಿದ್ದ, ಕವಿತೆಯನ್ನೂ ಬರೆಯುತ್ತಿದ್ದ ದೊಡ್ಡ ಮನೆತನದವ. 1854ರಲ್ಲಿ ಇಬ್ಬರಿಗೂ ಪರಿಚಯವಾಯಿತು. ಅಂದಿನಿಂದ ಸುಮಾರು ಎರಡು ದಶಕ, ಅವನು ಕೇಳಿದನೆಂದು ಅವಳು ದಿನಚರಿ ಬರೆದಳು. ಎಷ್ಟು ಹೊತ್ತಿಗೆ ಎದ್ದೆ, ಯಾವ ಒಲೆಗೆ ಕಪ್ಪು ಬಳಿದೆ, ಎಷ್ಟು ಬೂಟು ಉಜ್ಜಿದೆ, ಮೈ ಎಷ್ಟು ಮಸಿಯಾಯಿತು. ಅವನನ್ನು ಕರೆಯುತ್ತಿದ್ದದ್ದು ‘ಮಾಸ್ಸಾ’ ಎಂದು. ಅಂದರೆ ಒಡೆಯ.

ಇಂದು ಇದನ್ನೇ ಮೊಬೈಲಿನಲ್ಲಿ ಮಾಡುವವರಿದ್ದಾರೆ. ಒಬ್ಬರು ಅಪ್ಪಣೆ ಕೊಡುವುದು, ಇನ್ನೊಬ್ಬರು ನಡೆಸಿ ವರದಿ ಒಪ್ಪಿಸುವುದು, ನಡುವೆ ಸಾವಿರಾರು ಮೈಲಿ. ಇದಕ್ಕೆ ಇಂಗ್ಲಿಷಿನಿಂದ ಬಂದ ಹೆಸರು ಡಾಮಿನೆನ್ಸ್ ಮತ್ತು ಸಬ್‌ಮಿಷನ್, ಚುಟುಕಾಗಿ ಡಿ/ಎಸ್. ಆಳುವ ಪಾಲಿನವರು ಡಾಮ್, ಒಪ್ಪಿಸಿಕೊಳ್ಳುವ ಪಾಲಿನವರು ಸಬ್. ಗಂಡೇ ಆಳಬೇಕು, ಹೆಣ್ಣೇ ತಲೆಬಾಗಬೇಕು ಅಂತೇನಿಲ್ಲ. ಕಾಮ ಇರಲೇಬೇಕು ಅಂತಲೂ ಇಲ್ಲ. ಇಬ್ಬರೂ 18 ದಾಟಿದವರಾಗಿರಬೇಕು, ಇಬ್ಬರೂ ಮಾತಾಡಿಕೊಂಡು ಒಪ್ಪಿರಬೇಕು, ಯಾವಾಗ ಬೇಕಾದರೂ ‘ಸಾಕು’ ಅನ್ನುವ ಹಕ್ಕು ಇಬ್ಬರಿಗೂ ಇರಬೇಕು. ಇಷ್ಟಿಲ್ಲದಿದ್ದರೆ ಅದು ಡಿ/ಎಸ್ ಅಲ್ಲ, ದಬ್ಬಾಳಿಕೆ. ನಮ್ಮ ಮನೆಗಳಲ್ಲಿ ಗಂಡನನ್ನು ‘ಯಜಮಾನರು’ ಅನ್ನುವ ರೂಢಿ ಇದೆಯಲ್ಲ, ಅದಕ್ಕೂ ಇದಕ್ಕೂ ಇರುವ ಅಂತರ ಇಲ್ಲೇ. ಆ ಯಜಮಾನಿಕೆಯನ್ನು ಹೆಂಡತಿ ಯೋಚಿಸಿ, ಷರತ್ತು ಹಾಕಿ ಕೊಟ್ಟದ್ದಲ್ಲ. ಅವಳು ವಾಪಸು ಕೇಳಿದರೆ ಸಿಗುವುದೂ ಇಲ್ಲ.

ಇದು ಕಾಯಿಲೆಯೇ ಎಂದು ಕೇಳುವವರಿಗೆ ಎರಡು ಮಾತು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರ ಆವೃತ್ತಿಯಲ್ಲಿ ಇಂಥ ಒಲವನ್ನೂ ಮನೋರೋಗವನ್ನೂ ಬೇರೆ ಬೇರೆ ಮಾಡಿತು. ಆ ಮನುಷ್ಯನಿಗೆ ಯಾತನೆಯಾಗುತ್ತಿದ್ದರೆ ಅಥವಾ ಒಪ್ಪದವರ ಮೇಲೆ ನಡೆದರೆ ಮಾತ್ರ ಅದು ರೋಗದ ಲೆಕ್ಕ. 2022ರ ಜನವರಿಯಿಂದ ಜಾರಿಯಾದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಒಪ್ಪಿಗೆಯ ಮೇಲೆ ನಡೆಯುವುದನ್ನು ಕೈಬಿಟ್ಟು, ಬಲವಂತದ್ದನ್ನು ಮಾತ್ರ ಉಳಿಸಿಕೊಂಡಿದೆ.

ಈಗ ದೂರದ ಸಂಬಂಧ, ಎದುರಿಗಿನ ಸಂಬಂಧ ಇವೆರಡರ ಹೋಲಿಕೆಗೆ ಬರೋಣ. ಆನ್‌ಲೈನ್ ಸಂಬಂಧ ಸುಳ್ಳು, ಮುಖಾಮುಖಿ ನಡೆದದ್ದೇ ನಿಜ ಎಂದು ವಾದಿಸುವವರು ಬಹಳ. ಆ ವಾದದಲ್ಲಿ ನನಗೆ ಹುರುಳು ಕಾಣುವುದಿಲ್ಲ. ನಿಜವಾಗಿ ಬದಲಾಗುವುದು ಬೇರೆ ಸಂಗತಿ: ಸಾಕ್ಷಿ ಯಾರು ಎಂಬುದು.

ಒಂದು ಜೋಡಿಯನ್ನು ಊಹಿಸಿಕೊಳ್ಳಿ. ಅವಳು ಮ್ಯೂನಿಕ್‌ನಲ್ಲಿ, ಆಳುವ ಪಾಲು ಅವಳದು. ಅವನು ಬೆಂಗಳೂರಿನ ಒಂದು ಪಿಜಿಯಲ್ಲಿ. ಅವರ ಕಟ್ಟಳೆ ಸರಳ. ರಾತ್ರಿ ಹತ್ತೂವರೆಗೆ ಅವನು ಲ್ಯಾಪ್‌ಟಾಪ್ ಮುಚ್ಚಿ, ನಾಳೆಯ ಅಂಗಿಗೆ ಇಸ್ತ್ರಿ ಹಾಕಿ ಮೊಳೆಗೆ ನೇತುಹಾಕಿ, ಅದರ ಫೋಟೊ ಕಳಿಸಬೇಕು. ಬೇಸಗೆಯಲ್ಲಾದರೆ ಅವಳಿಗೆ ಆಗ ಸಂಜೆ ಏಳು. ಫೋಟೊ ಬಂತು, ಅವಳು ‘ಹೂಂ’ ಎಂದಷ್ಟೇ ಬರೆದಳು. ಆ ಒಂದಕ್ಷರಕ್ಕಾಗಿ ಅವನು ಹತ್ತು ನಿಮಿಷ ಕಾದಿದ್ದ. ಹೊರಗಿನವರಿಗೆ ಇದು ಮಕ್ಕಳಾಟದಂತೆ ಕಂಡೀತು. ಆದರೆ ಅಂಗಿ ನಿಜ, ಇಸ್ತ್ರಿ ನಿಜ, ಕಾದದ್ದೂ ನಿಜ. ನಿಜವೋ ಅಲ್ಲವೋ ತಿಳಿಯದ್ದು ಒಂದೇ: ಫೋಟೊ ಇವತ್ತಿನದೋ ನಿನ್ನೆಯದೋ. ಅದು ಅವನಿಗೆ ಮಾತ್ರ ಗೊತ್ತು.

ದೂರದ ಸಂಬಂಧದಲ್ಲಿ ಅಪ್ಪಣೆ ನಡೆಸುವವನೇ ಸಾಕ್ಷಿಯೂ ಹೌದು, ವರದಿಗಾರನೂ ಹೌದು. ಆಳುವವಳಿಗೆ ಕಾಣುವುದು ಅವನು ತೋರಿಸಿದಷ್ಟೇ. ಹಾಗಾಗಿ ಮೇಲ್ನೋಟಕ್ಕೆ ಅಧಿಕಾರ ಅವಳದಾದರೂ, ಇಡೀ ಸಂಬಂಧ ನಿಂತಿರುವುದು ಅವನ ಪ್ರಾಮಾಣಿಕತೆಯ ಮೇಲೆ. ಒಂದು ದಿನ ಹಳೆಯ ಫೋಟೊ ಕಳಿಸಿ ಬಚಾವಾದ ಎನ್ನಿ. ಅವಳಿಗೆ ಗೊತ್ತಾಗದೇ ಇರಬಹುದು. ಅವನಿಗೆ ಆ ‘ಹೂಂ’ ಸಪ್ಪೆಯಾಗುತ್ತದೆ.

ಒಂದೇ ಕೋಣೆಯಲ್ಲಿದ್ದಾಗ ಭಾರ ಆಳುವವರ ಹೆಗಲಿಗೆ ದಾಟುತ್ತದೆ. ಸಬ್ ಆದವರು ಬಾಯಿ ಬಿಟ್ಟು ಹೇಳದ ಎಷ್ಟೋ ಸಂಗತಿಗಳನ್ನು ಮೈ ಹೇಳುತ್ತಿರುತ್ತದೆ. ಉಸಿರು ಚಿಕ್ಕದಾಯಿತು, ಬೆರಳು ತಣ್ಣಗಾಯಿತು, ‘ಪರವಾಗಿಲ್ಲ’ ಎಂದ ದನಿ ಅರೆಗಳಿಗೆ ತಡವಾಗಿ ಬಂತು. ಇವನ್ನು ಓದಲು ಬಾರದವರಿಗೆ ಆಳುವ ಅರ್ಹತೆ ಇಲ್ಲ. ಆನ್‌ಲೈನಿನಲ್ಲಿ ಮಾತು ಬಲ್ಲವರು ಒಳ್ಳೆಯ ಡಾಮ್ ಅನ್ನಿಸಿಕೊಳ್ಳುತ್ತಾರೆ, ಎದುರಿಗೆ ಗಮನ ಬಲ್ಲವರು. ಎರಡೂ ಒಬ್ಬರಲ್ಲೇ ಇರುವುದು ಅಪರೂಪ. ವರ್ಷಗಟ್ಟಲೆ ಚಾಟ್ ಮಾಡಿ ಮೊದಲ ಸಲ ಭೇಟಿಯಾದಾಗ ‘ಇವರೇನಾ ಅವರು’ ಎಂದು ಪೆಚ್ಚಾಗುವುದಕ್ಕೆ ಅರ್ಧ ಕಾರಣ ಇದೇ.

ಮಾತು ಅಂದಕೂಡಲೇ ಒಂದು ಕುತೂಹಲದ ವಿಷಯ ಹೇಳಬೇಕು. ಕಟ್ಟುವುದು, ಆಳುವುದು, ಒಪ್ಪಿ ನೋವು ಕೊಟ್ಟುಕೊಳ್ಳುವುದು ಎಲ್ಲವನ್ನೂ ಒಟ್ಟಾಗಿ ಹೇಳುವ ಬಿಡಿಎಸ್ಎಂ ಎಂಬ ಸಂಕ್ಷೇಪ ಹುಟ್ಟಿದ್ದೇ ಇಂಟರ್ನೆಟ್ಟಿನ ಹಳೆಯ ಚರ್ಚಾ ಗುಂಪುಗಳಲ್ಲಿ, 1991ರ ಹೊತ್ತಿಗೆ. ಆಗ ವಿಡಿಯೊ ಇಲ್ಲ, ದನಿ ಇಲ್ಲ, ಬರೀ ಅಕ್ಷರ. ಅಲ್ಲಿ ಬೆಳೆದ ಒಂದು ಪದ್ಧತಿಯಂತೆ ಆಳುವವರ ಹೆಸರಿಗೆ ದೊಡ್ಡಕ್ಷರ, ಸಬ್ ತನ್ನ ಹೆಸರನ್ನೂ ‘ನಾನು’ ಎಂಬುದನ್ನೂ ಬರೆಯುವುದು ಚಿಕ್ಕಕ್ಷರದಲ್ಲಿ. ಇಂಗ್ಲಿಷಿಗೆ ಆ ಸರ್ಕಸ್ ಬೇಕಿತ್ತು, ಏಕೆಂದರೆ ಅದರಲ್ಲಿ ಎಲ್ಲರೂ ‘ಯೂ’. ಕನ್ನಡದಲ್ಲಿ ದೊಡ್ಡಕ್ಷರವಿಲ್ಲ, ಬೇಕಾಗಿಯೂ ಇಲ್ಲ. ‘ಬಾ’ ಬೇರೆ, ‘ಬನ್ನಿ’ ಬೇರೆ, ‘ಬರಬೇಕು’ ಬೇರೆ. ಒಬ್ಬರು ‘ನೀನು’ ಎನ್ನುತ್ತ ಇನ್ನೊಬ್ಬರು ‘ನೀವು’ ಎನ್ನುವ ಜೋಡಿಯಲ್ಲಿ ಪ್ರತಿ ವಾಕ್ಯದ ಕೊನೆಯ ಪ್ರತ್ಯಯವೂ ಒಪ್ಪಂದವನ್ನು ನೆನಪಿಸುತ್ತಿರುತ್ತದೆ. ಆದರೆ ತೊಡಕೂ ಇದೆ. ನಮ್ಮಲ್ಲಿ ಈ ಏಕವಚನ ಬಹುವಚನ ಆಟದ ಸಾಮಾನಲ್ಲ. ಜಾತಿ, ವಯಸ್ಸು, ಸಂಬಳ, ಗಂಡು ಹೆಣ್ಣು ಎಲ್ಲದರ ಲೆಕ್ಕ ಅದರಲ್ಲಿ ಮೊದಲೇ ಬರೆದಿದೆ. ಆಫೀಸಿನ ಮೇಲಧಿಕಾರಿ ಕೈಕೆಳಗಿನವರ ಜತೆ ಇಂಥ ಸಂಬಂಧ ಇಟ್ಟುಕೊಂಡರೆ, ‘ಇಲ್ಲ’ ಎನ್ನುವ ಹಕ್ಕು ಕಾಗದದ ಮೇಲಷ್ಟೇ ಉಳಿಯುವ ಸಾಧ್ಯತೆ ಹೆಚ್ಚು. ಹ್ಯಾನಾ ಮತ್ತು ಮನ್‌ಬಿಯ ನಡುವೆಯೂ ಇದೇ ಪ್ರಶ್ನೆ ಇದೆ. ಅವನು ಸಾಹೇಬ, ಅವಳು ಕೆಲಸದವಳು, ಅದು ಅವರಿಬ್ಬರೂ ಕಟ್ಟಿಕೊಂಡ ಆಟವಲ್ಲ. ಕಟ್ಟಿಕೊಂಡದ್ದು ಎಲ್ಲಿಂದ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ಇನ್ನು ನಿಲ್ಲಿಸುವ ಮಾತು. ಸೇಫ್‌ವರ್ಡ್ ಎನ್ನುತ್ತಾರೆ. ಆಟದ ನಡುವೆ ‘ಬೇಡ’ ಎನ್ನುವುದೂ ಆಟವೇ ಆಗಿರಬಹುದು, ಅದಕ್ಕೆ ಬೇರೆ ಒಂದು ಪದ ಗೊತ್ತು ಮಾಡಿಕೊಳ್ಳುವುದು. ಬಹಳ ಮಂದಿ ಟ್ರಾಫಿಕ್ ದೀಪದ ಬಣ್ಣ ಇಟ್ಟುಕೊಳ್ಳುತ್ತಾರೆ: ಹಳದಿ ಎಂದರೆ ನಿಧಾನ, ಕೆಂಪು ಎಂದರೆ ಅಲ್ಲಿಗೆ ಮುಗಿಯಿತು. ಎದುರಿದ್ದಾಗ ಅದು ಕಿವಿಗೆ ಬಿದ್ದ ಗಳಿಗೆಯಲ್ಲೇ ಕೈ ನಿಲ್ಲುತ್ತದೆ. ಬಾಯಿ ಕಟ್ಟಿದ್ದರೆ ಮುಷ್ಟಿಯಲ್ಲಿ ಬೀಗದ ಕೈಗೊಂಚಲು ಕೊಟ್ಟಿರುತ್ತಾರೆ, ಬಿಟ್ಟರೆ ಸಾಕು, ಸದ್ದಾಗುತ್ತದೆ. ಆನ್‌ಲೈನಿನಲ್ಲಿ ನಿಲ್ಲಿಸುವುದು ಸುಲಭ ಎಂದು ಕಾಣುತ್ತದೆ, ಕಾಲ್ ಕತ್ತರಿಸಿದರೆ ಆಯಿತಲ್ಲ. ಆದರೆ ಆಚೆಯವರಿಗೆ ತಿಳಿಯುವುದೇನು? ಕಾಲ್ ಕಡಿದದ್ದು ಕೋಪವೋ, ಗಾಬರಿಯೋ, ಕರೆಂಟು ಹೋಗಿ ವೈಫೈ ಸತ್ತದ್ದೋ? ಅದಕ್ಕೇ ಅನುಭವಸ್ಥರು ಮೊದಲೇ ಒಂದು ಕರಾರು ಮಾಡಿಕೊಳ್ಳುತ್ತಾರೆ: ಮಾತು ನಡುವೆ ಕಡಿದರೆ ಹತ್ತು ನಿಮಿಷದೊಳಗೆ ಸಾದಾ ಎಸ್ಎಂಎಸ್‌ನಲ್ಲಿ ‘ಚೆನ್ನಾಗಿದ್ದೇನೆ’ ಅಥವಾ ‘ಕೆಂಪು’, ಎರಡರಲ್ಲಿ ಒಂದು. ಎರಡೂ ಬರದಿದ್ದರೆ ಕರೆ ಮಾಡಲು ಯಾವುದಾದರೂ ಮೂರನೆಯವರ ನಂಬರು. ಆ ಮೂರನೆಯವರಿಗೆ ಎಲ್ಲ ಗೊತ್ತಿರಬೇಕಿಲ್ಲ, ಬಾಗಿಲು ತಟ್ಟಿ ನೋಡುವಷ್ಟು ಹತ್ತಿರ ಇದ್ದರೆ ಸಾಕು.

ಈ ಮೂರನೆಯವರ ವಿಷಯ ಸುಮ್ಮನೆ ಹೇಳಿದ್ದಲ್ಲ. ಆನ್‌ಲೈನ್ ಎಂದರೆ ಮೈಗೆ ಅಪಾಯವಿಲ್ಲ ಎಂಬ ನಂಬಿಕೆ ಬಲವಾಗಿದೆ, ಅದು ತಪ್ಪು. ಪರದೆಯ ಆಚೆಯಿಂದ ‘ಕೈ ಕಟ್ಟಿಕೋ’ ಎಂದು ಅಪ್ಪಣೆ ಬಂದರೆ, ಕಟ್ಟಿಕೊಳ್ಳುವವರು ಒಂಟಿ. ಮೊಣಕೈಯ ಮೇಲೆ, ತೋಳಿನ ಹೊರಬದಿಯಲ್ಲಿ ಒಂದು ನರ ಮೂಳೆಗೆ ಆತುಕೊಂಡೇ ಹರಿಯುತ್ತದೆ. ಅದರ ಮೇಲೆ ಹಗ್ಗ ಬಿಗಿದರೆ ಮಣಿಕಟ್ಟು ಎತ್ತಲಾಗದಂತೆ ಜೋಲುಬೀಳಬಹುದು, ಸರಿಹೋಗಲು ವಾರಗಳೋ ತಿಂಗಳುಗಳೋ ಹಿಡಿದೀತು. ಒಂದೇ ಕೋಣೆಯಲ್ಲಿ ಇದ್ದವರ ಕೈಗೆಟಕುವಂತೆ ಕತ್ತರಿ ಇರುತ್ತದೆ. ಮ್ಯೂನಿಕ್‌ನಲ್ಲಿ ಕೂತವರ ಕತ್ತರಿ ಬೆಂಗಳೂರಿಗೆ ಎಟಕುವುದಿಲ್ಲ. ಒಂಟಿಯಾಗಿದ್ದಾಗ ಕಟ್ಟಿಕೊಳ್ಳುವುದು, ಬೀಗ ಹಾಕಿಕೊಳ್ಳುವುದು, ಅಮಲಿನಲ್ಲಿ ಏನಾದರೂ ಮಾಡುವುದು ದೂರದ ಸಂಬಂಧದಲ್ಲಿ ಬೇಡವೇ ಬೇಡ. ಕತ್ತು ಹಿಸುಕುವುದು, ಉಸಿರು ಕಟ್ಟಿಸುವುದಂತೂ ಎದುರಿಗಿದ್ದರೂ ಬೇಡ. ಅದಕ್ಕೆ ಸುರಕ್ಷಿತ ವಿಧಾನ ಎಂಬುದಿಲ್ಲ. ಬಲ್ಲ ಡಾಮ್ ದೂರದಿಂದ ಕೊಡುವ ಅಪ್ಪಣೆಗಳು ಬೇರೆಯೇ: ಬರೆ, ಓದು, ಕಾಯು, ಬೇಗ ಮಲಗು, ಇವತ್ತು ಹಸಿರು ಸೀರೆ ಉಡು.

ಕಾನೂನೂ ಹೆಚ್ಚುಕಡಿಮೆ ಇದೇ ಗೆರೆಯ ಮೇಲಿದೆ. ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಮಿನ ಪ್ರಕಾರ, 18 ದಾಟಿದ ವ್ಯಕ್ತಿ ಒಪ್ಪಿದ್ದರೆ ಅವರಿಗಾದ ನೋವು ಅಪರಾಧವಾಗುವುದಿಲ್ಲ, ಆದರೆ ಸಾವು ಅಥವಾ ತೀವ್ರ ಗಾಯ ಮಾಡುವ ಉದ್ದೇಶ ಇರಬಾರದು, ಅದು ಸಂಭವವೆಂದು ತಿಳಿದೂ ಇರಬಾರದು. ಕಾನೂನು ಅಲ್ಲಿ ಕೊಡುವ ಉದಾಹರಣೆ ಮೋಜಿಗೆಂದು ಕತ್ತಿವರಸೆ ಆಡುವ ಇಬ್ಬರದು. ಇಂಗ್ಲೆಂಡ್ ಇನ್ನೂ ಬಿಗಿ. 1993ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್, ಪರಸ್ಪರ ಒಪ್ಪಿ ನೋವು ಕೊಟ್ಟುಕೊಂಡ ಗಂಡಸರ ಶಿಕ್ಷೆಯನ್ನು ಮೂರಕ್ಕೆ ಎರಡು ಮತದಿಂದ ಎತ್ತಿಹಿಡಿಯಿತು. 2021ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಂತೂ ಲೈಂಗಿಕ ಸುಖಕ್ಕೆ ಒಪ್ಪಿದ್ದರು ಎಂಬುದು ಗಂಭೀರ ಗಾಯಕ್ಕೆ ಸಮರ್ಥನೆಯಾಗದು ಎಂದೇ ಬರೆದಿದ್ದಾರೆ. ಅಲ್ಲಿರುವ ಕನ್ನಡಿಗರಿಗೆ ಇದು ತಿಳಿದಿರುವುದು ಒಳ್ಳೆಯದು.

ಎದುರಿಗಿನ ಸಂಬಂಧದಲ್ಲಿ ಬಾಗಿಲು ದೂರ, ಹೆಜ್ಜೆ ಗುರುತು ಕಡಿಮೆ. ಆನ್‌ಲೈನಿನಲ್ಲಿ ಬಾಗಿಲು ಬೆರಳ ತುದಿಯಲ್ಲೇ ಇದೆ, ಆದರೆ ಇಟ್ಟ ಪ್ರತಿ ಹೆಜ್ಜೆಯೂ ಎಲ್ಲೋ ಅಚ್ಚಾಗಿರುತ್ತದೆ. ಅಪರಿಚಿತರ ಮನೆಗೆ ಮೊದಲ ಸಲ ಹೋಗುವವರು ಎದ್ದು ಬರುವ ದಾರಿ ಯೋಚಿಸಿಕೊಳ್ಳಬೇಕು. ಹಾಗಾಗಿ ಮೊದಲ ಭೇಟಿ ದರ್ಶಿನಿಯಲ್ಲೋ ಪಾರ್ಕಿನಲ್ಲೋ, ಹಗಲಿನಲ್ಲಿ, ಬರೀ ಕಾಫಿಗೆ. ಆ ದಿನ ಅಪ್ಪಣೆಯೂ ಇಲ್ಲ, ‘ಒಡೆಯ’ ಎನ್ನುವುದೂ ಇಲ್ಲ. ಅಷ್ಟಕ್ಕೂ ಸಿಡುಕುವವರು ಮುಂದಿನದಕ್ಕೆ ಲಾಯಕ್ಕಿಲ್ಲ. ಫೋನಿನಲ್ಲಿ ಮಾತ್ರ ಇರುವವರು ಯೋಚಿಸಬೇಕಾದ್ದು ತಾವು ಹೋದಮೇಲೂ ಉಳಿಯುವುದನ್ನು: ಸ್ಕ್ರೀನ್‌ಶಾಟ್, ದನಿ, ಫೋಟೊ, ಹಣ ಕಳಿಸಿದ ಲೆಕ್ಕ.

ವಂಚಕರ ಬಲೆ ಇರುವುದು ಅಲ್ಲೇ. ಪರಿಚಯವಾದ ಮೂರನೇ ದಿನವೇ ಮುಖ ಕಾಣುವ ಬೆತ್ತಲೆ ಫೋಟೊ ‘ವಿಧೇಯತೆಯ ಪುರಾವೆ’ ಎಂದು ಕೇಳುವವರು, ಮಾತಿಗೆ ಮೊದಲೇ ಯುಪಿಐ ಮೂಲಕ ‘ಕಾಣಿಕೆ’ ಕೇಳುವವರು, ಗೆಳೆಯರ ಜತೆ ಮಾತು ಬಿಡು ಎನ್ನುವವರು, ಸೇಫ್‌ವರ್ಡ್ ಕೇಳಿದರೆ ‘ನಿಜವಾದ ಸಬ್‌ಗೆ ಅದೆಲ್ಲ ಬೇಕಿಲ್ಲ’ ಎಂದು ನಗುವವರು. ದುಡ್ಡು ಕೊಡುವುದನ್ನೇ ಒಪ್ಪಿಕೊಂಡ ಸಂಬಂಧಗಳೂ ಇವೆ, ಅದು ಬೇರೆ. ಅಲ್ಲಿ ಮಿತಿ ಮೊದಲೇ ಗೊತ್ತುಮಾಡಿರುತ್ತಾರೆ, ಬೆದರಿಕೆ ಇರುವುದಿಲ್ಲ.

ಫೋಟೊ ಇಟ್ಟುಕೊಂಡು ಹೆದರಿಸಿದರೆ ಅದು ಸುಲಿಗೆ, ನ್ಯಾಯ ಸಂಹಿತೆಯ 308ನೇ ಕಲಮು. ಹೆಣ್ಣಿನ ಖಾಸಗಿ ಚಿತ್ರದ ವಿಷಯದಲ್ಲಿ 77ನೇ ಕಲಮು ಒಂದು ಮುಖ್ಯ ಮಾತು ಹೇಳುತ್ತದೆ: ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ ಹಂಚಿದ್ದು ಅಪರಾಧ. ‘ನೀನೇ ತಾನೆ ಕಳಿಸಿದ್ದು’ ಎಂಬ ವಾದ ಅಲ್ಲಿ ನಡೆಯದು. ಗಂಡಸರಿಗೂ ಹೆಂಗಸರಿಗೂ ಅನ್ವಯಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ. ಅದೇ ಕಾಯ್ದೆಯ 67ಎ ಮಾತ್ರ ಎರಡಲಗಿನ ಕತ್ತಿ. ಲೈಂಗಿಕ ದೃಶ್ಯವನ್ನು ವಿದ್ಯುನ್ಮಾನ ರೂಪದಲ್ಲಿ ರವಾನಿಸುವುದೇ ಅಪರಾಧ ಎನ್ನುತ್ತದೆ, ಮೊದಲ ಸಲಕ್ಕೆ 5 ವರ್ಷದವರೆಗೆ ಸೆರೆ, 10 ಲಕ್ಷ ರೂಪಾಯಿವರೆಗೆ ದಂಡ. ಇಬ್ಬರು ವಯಸ್ಕರು ಒಪ್ಪಿ ಕಳಿಸಿಕೊಂಡದ್ದಕ್ಕೆ ವಿನಾಯಿತಿ ಎಂದು ಅದರಲ್ಲಿ ಬರೆದಿಲ್ಲ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಚಿತ್ರ ಹರಡುವ ಭಯವಿದ್ದರೆ 2021ರ ಡಿಸೆಂಬರಿನಲ್ಲಿ ಶುರುವಾದ ಸ್ಟಾಪ್‌ಎನ್‌ಸಿಐಐ ಎಂಬ ವ್ಯವಸ್ಥೆ ಇದೆ. ಚಿತ್ರ ನಮ್ಮ ಫೋನು ಬಿಟ್ಟು ಹೋಗುವುದಿಲ್ಲ. ಅದರಿಂದ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ತಯಾರಾಗಿ ಹೋಗುತ್ತದೆ. ಜತೆಗೂಡಿರುವ ಜಾಲತಾಣಗಳು ಆ ಸಂಕೇತಕ್ಕೆ ಹೊಂದುವ ಚಿತ್ರವನ್ನು ತಡೆಯುತ್ತವೆ.

ಇಷ್ಟೆಲ್ಲ ಇದ್ದೂ ಜನ ಆನ್‌ಲೈನ್ ಏಕೆ ಆರಿಸಿಕೊಳ್ಳುತ್ತಾರೆ? ಬಹಳಷ್ಟು ಮಂದಿ ಆರಿಸಿಕೊಂಡದ್ದಲ್ಲ, ಅವರಿಗೆ ಇನ್ನೊಂದು ದಾರಿಯೇ ಇಲ್ಲ. ಅಪ್ಪ ಅಮ್ಮನ ಜತೆ ಇರುವವರು, ಮೂವರ ಜತೆ ಒಂದು ರೂಮಿನಲ್ಲಿರುವವರು, ಮದುವೆಯಾಗದ ಜೋಡಿ ಎಂದರೆ ಮುಖ ಸಿಂಡರಿಸುವ ಲಾಡ್ಜುಗಳು. ಅಂಗವೈಕಲ್ಯದಿಂದ ಓಡಾಡುವುದು ಕಷ್ಟವಾದವರಿಗೂ, ತಮ್ಮ ಒಲವೇನೆಂದು ಈಗಷ್ಟೇ ತಿಳಿದುಕೊಳ್ಳುತ್ತಿರುವವರಿಗೂ ಅಕ್ಷರದ ದಾರಿ ಹಗುರ. ಹೇಳಲು ನಾಚಿಕೆಯಾದದ್ದನ್ನು ಬರೆಯಬಹುದು, ಬರೆದು ಅಳಿಸಿ ಮತ್ತೆ ಬರೆಯಬಹುದು. ಯಾವುದು ಇಷ್ಟ, ಯಾವುದು ಬೇಡ, ಯಾವುದು ಎಂದಿಗೂ ಬೇಡ ಎಂಬ ಪಟ್ಟಿಯನ್ನು ದೂರದ ಜೋಡಿಗಳು ವಿವರವಾಗಿ ಮಾಡಿಕೊಳ್ಳಲೇಬೇಕಾಗುತ್ತದೆ, ಬೇರೆ ಉಪಾಯವಿಲ್ಲ. ಒಂದೇ ಮನೆಯಲ್ಲಿರುವವರು ‘ಅವಳಿಗೆ ಗೊತ್ತಿರುತ್ತೆ ಬಿಡು’ ಎಂದುಕೊಂಡು ಕೇಳುವುದನ್ನೇ ಬಿಟ್ಟಿರುತ್ತಾರೆ.

ಆದರೆ ಆಟ ಮುಗಿದ ಮೇಲಿನ ಹೊತ್ತು ಇದೆಯಲ್ಲ, ಅಲ್ಲಿ ದೂರ ಸೋಲುತ್ತದೆ. ತೀವ್ರವಾದ ಗಳಿಗೆಗಳು ಕಳೆದ ಮೇಲೆ, ಕೆಲವೊಮ್ಮೆ ಮಾರನೆಯ ದಿನ, ಮನಸ್ಸು ದಬ್ಬನೆ ಕುಸಿಯುವುದುಂಟು. ಅಳು, ಚಳಿ, ಸುಮ್ಮನೆ ಒಂದು ಖಾಲಿತನ. ಆಳಿದವರಿಗೂ ಬರುತ್ತದೆ, ಅವರು ಹೇಳಿಕೊಳ್ಳುವುದು ಕಡಿಮೆ. ಎದುರಿಗಿದ್ದರೆ ಒಂದು ಕಂಬಳಿ, ಒಂದು ಲೋಟ ಬಿಸಿ ಹಾಲು, ತಲೆ ಮೇಲೆ ಒಂದು ಕೈ. ಇದನ್ನೇ ಆಫ್ಟರ್‌ಕೇರ್ ಎನ್ನುವುದು. ಫೋನಿನಲ್ಲಿ ಇದಕ್ಕೆ ಸಮನಾದದ್ದಿಲ್ಲ, ಬದಲಿ ವ್ಯವಸ್ಥೆ ಮಾತ್ರ ಇದೆ: ಅಪ್ಪಣೆಯ ದನಿ ಬಿಟ್ಟು ಮಾಮೂಲಿ ದನಿಯಲ್ಲಿ ಅರ್ಧ ಗಂಟೆ ಹರಟೆ, ಮೊದಲೇ ಪಕ್ಕದಲ್ಲಿ ಇಟ್ಟುಕೊಂಡ ನೀರು ಮತ್ತು ಬೆಲ್ಲದ ಚೂರು, ಬೆಳಗ್ಗೆ ಎದ್ದಕೂಡಲೇ ‘ಹೇಗಿದ್ದೀಯ’ ಎಂಬ ಸಂದೇಶ. ಅರ್ಧ ಗಂಟೆ ಹರಟೆಗೆ ಪುರುಸೊತ್ತಿಲ್ಲದ ರಾತ್ರಿ ಆಟ ಶುರುಮಾಡಬಾರದು ಎಂಬುದು ನನ್ನ ಅಭಿಪ್ರಾಯ.

ದೂರವಿದ್ದವರು ಒಂದೇ ಸೂರಿನಡಿ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಬಹಳ ಜೋಡಿಗಳ ಕನಸು. ಚಾಟಿನಲ್ಲಿ ದಿನಕ್ಕೆ ಒಂದು ಗಂಟೆಯ ಒಡೆಯನಾಗಿದ್ದವನು ಈಗ ಗ್ಯಾಸ್ ಬುಕ್ ಮಾಡಲು ಮರೆಯುವವನು, ಗೊರಕೆ ಹೊಡೆಯುವವನು. ದೂರದಲ್ಲಿ ಅಪ್ಪಣೆಗೊಂದು ಹೊತ್ತು ಇರುತ್ತದೆ. ಮನೆಯಲ್ಲಿ ಹೊತ್ತಿನ ಗೆರೆ ನಾವೇ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಪಾತ್ರೆ ಯಾರು ತೊಳೆಯಬೇಕೆಂಬುದು ಆಟವೋ ಜಗಳವೋ ತಿಳಿಯದೆ ಹೋಗುತ್ತದೆ.

ಹ್ಯಾನಾ ಮತ್ತು ಮನ್‌ಬಿ 1873ರ ಜನವರಿಯಲ್ಲಿ ಗುಟ್ಟಾಗಿ ಮದುವೆಯಾದರು. ಅವಳಿಗೆ ಮದುವೆಯಲ್ಲಿ ಆಸಕ್ತಿ ಇರಲಿಲ್ಲ, ಹೆಂಡತಿ ಎಂಬ ಪಟ್ಟ ಅವಳ ಸ್ವಾತಂತ್ರ್ಯಕ್ಕೆ ಭಾರವಾಗಿ ಕಂಡಿತ್ತು. ಲಂಡನ್ನಿನ ಟೆಂಪಲ್ ಪ್ರದೇಶದಲ್ಲಿದ್ದ ಅವನ ಬಿಡಾರಕ್ಕೆ ಅವಳು ಬಂದದ್ದು ಲೋಕದ ಕಣ್ಣಿಗೆ ಕೆಲಸದವಳಾಗಿ. ಪ್ರಯಾಣ ಹೊರಟಾಗ ಹ್ಯಾಟು, ಕೈಚೀಲ ತೊಟ್ಟ ಸಾಹೇಬರ ಹೆಂಡತಿ, ಮನೆಗೆ ಬಂದರೆ ಮತ್ತೆ ಅಡುಗೆಮನೆ. ಇಪ್ಪತ್ತು ವರ್ಷ ಬರೆದ ದಿನಚರಿ ಆ ವರ್ಷವೇ ನಿಂತಿತು. ಓದಬೇಕಾದವನು ಮಗ್ಗುಲಲ್ಲೇ ಇದ್ದ. 1877ರಲ್ಲಿ ಅವಳು ಲಂಡನ್ ಬಿಟ್ಟು ತನ್ನ ಸೀಮೆ ಶ್ರಾಪ್‌ಷೈರ್‌ಗೆ ಹೊರಟುಹೋದಳು. ಸಂಬಂಧ ಕಡಿಯಲಿಲ್ಲ. ಅವನು ರೈಲು ಹತ್ತಿ ಹೋಗಿ ಬರುತ್ತಿದ್ದ, 1909ರಲ್ಲಿ ಅವಳು ತೀರಿಕೊಳ್ಳುವ ತನಕ. ಮರುವರ್ಷ ಅವನೂ ಹೋದ. ಮದುವೆಯ ಗುಟ್ಟು ಲೋಕಕ್ಕೆ ತಿಳಿದದ್ದು ಅವನ ಉಯಿಲಿನಿಂದ. ಕಾಗದಪತ್ರ, ಫೋಟೊ, ಅವಳ ದಿನಚರಿ ಎಲ್ಲ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಸೇರಿದವು, 1950ರವರೆಗೆ ತೆರೆಯಬಾರದೆಂಬ ಷರತ್ತಿನ ಮೇಲೆ. 1950 ಬಂತು, ತೆರೆದರು. ಒಬ್ಬನೇ ಒಬ್ಬನಿಗೆಂದು ಅವಳು ಎಣಿಸಿ ಬರೆದ ಬೂಟುಗಳ ಲೆಕ್ಕವನ್ನು ಈಗ ಯಾರು ಬೇಕಾದರೂ ಓದಬಹುದು.